ಮರು ಅಳತೆಯ ತಿಂಗಳು

“ನೀವು ನೀರು ಉಳಿಸೋದರಲ್ಲಿ ಸ್ವಲ್ಪ ಅವಸರ ಮಾಡಿಬಿಟ್ರಿ ಅತ್ತಿಗೆ,” ಎಂದ ಮೈದುನ. ಬೆಳಗ್ಗೆ ನೀರು ಮಂಡಳಿಯ ಹೊಸ ಆದೇಶ ಅತ್ತಿಗೆಯ ಲಾಂಡ್ರಿಗೆ ಬಂದಿತ್ತು. ಮಧ್ಯಾಹ್ನ ಅದನ್ನು ಬರೆದ ಅಧಿಕಾರಿ, ಅಂದರೆ ಇದೇ ಮೈದುನ, ಊಟಕ್ಕೆ ಬಂದಿದ್ದ. ಅಂಥ ಭಾಗ್ಯ ಎಲ್ಲ ಲಾಂಡ್ರಿಗಳಿಗೂ ಇರುವುದಿಲ್ಲ.

ಆದೇಶ ಸರಳವಾಗಿತ್ತು. ಊರಿನ ನೀರು ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕು. ಆದ್ದರಿಂದ ಲಾಂಡ್ರಿಯಾಗಲಿ, ಹೋಟೆಲಾಗಲಿ, ಕಾರ್ಖಾನೆಯಾಗಲಿ, ಹೋದ ವರ್ಷ ಬಳಸಿದ್ದರಲ್ಲಿ ಕಾಲುಭಾಗ ಕಡಿತ. ಎಲ್ಲರಿಗೂ ಒಂದೇ ನ್ಯಾಯ. ಹಿಂದಿನ ಬೀದಿಯ ಲಾಂಡ್ರಿಯವನು ನಲ್ಲಿ ತಿರುಗಿಸಿಟ್ಟು ಹರಟೆಗೆ ಹೋಗುವ ಮನುಷ್ಯ. ಕಾಲುಭಾಗ ಹೋದರೂ ಅವನಿಗೆ ಈಜಾಡುವಷ್ಟು ಮಿಕ್ಕಿತ್ತು. ಅತ್ತಿಗೆ ಮಾತ್ರ ಯಾರೂ ಹೇಳದೆಯೇ, ಆದೇಶಕ್ಕೆ ಎಷ್ಟೋ ವರ್ಷ ಮೊದಲೇ, ಕೊನೆಯ ಸಲ ಜಾಲಿಸಿದ ನೀರನ್ನು ಡ್ರಮ್ಮುಗಳಲ್ಲಿ ಹಿಡಿದು ಮುಂದಿನ ಗಂಟಿನ ಬಟ್ಟೆ ನೆನೆಸಲು ಬಳಸತೊಡಗಿದ್ದಳು. ಅವಳ ನೀರಿನ ಖರ್ಚು ಅಂದೇ ಅರ್ಧಕ್ಕೆ ಇಳಿದಿತ್ತು. ಈಗ ಆ ಅರ್ಧದಲ್ಲೂ ಕಾಲು ಹೋದರೆ ಆಸ್ಪತ್ರೆಯ ಹಾಸುಬಟ್ಟೆಗಳನ್ನು ಒಗೆಯಲು ಸಾಲದು. ಅವನ್ನು ಇಷ್ಟು ಸಲ ಜಾಲಿಸಲೇಬೇಕೆಂಬ ಷರತ್ತು ಆಸ್ಪತ್ರೆಯದು. ಆಸ್ಪತ್ರೆ ಕೈಬಿಟ್ಟರೆ ಲಾಂಡ್ರಿಗೆ ಬೀಗ. ಒಗೆಯುವ, ಇಸ್ತ್ರಿ ಹಾಕುವ ಹೆಂಗಸರೆಲ್ಲ ಮನೆಗೆ. ಬಟ್ಟೆ ತಲುಪಿಸಲು ವ್ಯಾನಿನಲ್ಲಿ ಹೋಗಿದ್ದ ಗಂಡನಿಗೆ ಇದಿನ್ನೂ ಗೊತ್ತಿರಲಿಲ್ಲ.

“ನನ್ನ ಡ್ರಮ್ಮು ನೋಡೋಕೆ ನಿಮ್ಮ ದೊಡ್ಡ ಸಾಹೇಬರನ್ನ ಕರ್ಕೊಂಡು ಬಂದಿದ್ದು ನೀನೇ ಅಲ್ವಾ? ಫೋಟೋ ಬೇರೆ ತೆಗೆಸ್ದೆ.”

“ಅದನ್ನ ನೋಡಿದ ಮೇಲೇ ಅವರಿಗೆ ಧೈರ್ಯ ಬಂದಿದ್ದು ಅತ್ತಿಗೆ. ಕಡಿಮೆ ನೀರಲ್ಲೂ ಒಗೀಬಹುದು ಅಂತ ತೋರಿಸ್ಕೊಟ್ಟವರೇ ನೀವು. ವರದೀಲಿ ಒಂದು ಪುಟ ಪೂರ್ತಿ ನಿಮ್ಮದೇ.”

ಇವನು ಶಾಲೆಗೆ ಹೋಗುತ್ತಿದ್ದಾಗ ಇವನ ಅಂಗಿಯ ಶಾಯಿ ಕಲೆ ತಿಕ್ಕಿದ ಕೈ ಅತ್ತಿಗೆಯದು. ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅವನ ಎದುರು ಕುಳಿತಳು.

“ನೀನೇ ಬರೆದಿದ್ದು, ನೀನೇ ತಿದ್ದು. ಮೊದಲೇ ಉಳಿಸಿದೋರಿಗೆ ಕಡಿತ ಬೇಡ ಅಂತ ಒಂದು ಸಾಲು ಸೇರಿಸೋಕೆ ಏನು ಕಷ್ಟ?”

“ಸೇರಿಸಿದ್ರೆ ಊರಲ್ಲಿ ಲಾಭ ಆಗೋದು ನಿಮಗೊಬ್ಬರಿಗೇ. ಮನೆಯವರಿಗೋಸ್ಕರ ನಿಯಮ ತಿರುಚಿದ ಅಂತಾರೆ.”

ಮೈದುನ ಪ್ರಾಮಾಣಿಕ. ತೊಂದರೆ ಇದ್ದದ್ದೇ ಅಲ್ಲಿ. ಅಡ್ಡದಾರಿ ಬಲ್ಲವನಾಗಿದ್ದರೆ ಅತ್ತಿಗೆಯ ಕೆಲಸ ಊಟ ಮುಗಿಯುವುದರೊಳಗೆ ಆಗಿಹೋಗುತ್ತಿತ್ತು. ಅವನು ಕೈ ತೊಳೆದು ಬಂದು, ತಲೆ ಕೆರೆದುಕೊಂಡು, ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ಮಗುಚಿ ಹಾಕಿದ.

“ನೇರವಾದ ದಾರಿಯೇ ಒಂದಿದೆ. ನೀವು ಕೇಳ್ಕೊಂಡ್ರೆ ಒಂದು ತಿಂಗಳು ಮರು ಅಳತೆ ಮಾಡ್ತೀವಿ. ಹೋದ ವರ್ಷದ ಲೆಕ್ಕ ಬಿಟ್ಟು, ಆ ತಿಂಗಳು ಮೀಟರು ಎಷ್ಟು ಓಡುತ್ತೋ ಅದೇ ನಿಮ್ಮ ಬಳಕೆ. ಕಾಲುಭಾಗ ಕಳೆಯೋದು ಅದರಲ್ಲಿ.”

“ಮೀಟರು ಓಡ್ಸೋವಷ್ಟು ಬಟ್ಟೆ ಎಲ್ಲಿಂದ ತರ್ಲಿ?”

“ಬಟ್ಟೆ ಯಾಕೆ? ನಲ್ಲಿ ತಿರುಗಿಸಿಡಿ, ಸಾಕು.” ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ. “ಆಮೇಲೆ ಮೊದಲಿನ ಹಾಗೇ ಉಳಿಸ್ಕೊಂಡು ಹೋಗಿ. ಯಾರು ಬೇಡ ಅಂತಾರೆ?”

ಮರು ಅಳತೆ ಶುರುವಾದ ದಿನ ಬೆಳಗ್ಗೆ ಮಂಡಳಿಯ ಆಳು ಬಂದು ಮೀಟರಿಗೆ ಮುದ್ರೆ ಒತ್ತಿ ಹೋದ. ಮೈದುನ ಕಚೇರಿಗೆ ಹೋಗುವ ದಾರಿಯಲ್ಲಿ ಬಂದು ನಿಂತಿದ್ದ. ಮನೆಯ ಹಿತ್ತಲೇ ಲಾಂಡ್ರಿ. ಅಲ್ಲಿನ ದೊಡ್ಡ ನಲ್ಲಿಯನ್ನು ಅತ್ತಿಗೆ ತಿರುಗಿಸಿದಳು. ಕೈ ಅಭ್ಯಾಸದಿಂದ ಅರ್ಧಕ್ಕೇ ನಿಂತಿತು. “ಪೂರ್ತಿ,” ಎಂದ ಮೈದುನ ಮೆಲ್ಲಗೆ. ನೀರು ಭೋರೆಂದು ಚರಂಡಿಗೆ ಸುರಿಯಿತು. ಕುಡಿಯಲು ಯೋಗ್ಯವಾದ, ತಿಳಿಯಾದ ನೀರು. ಅತ್ತಿಗೆಗೆ ಕದ್ದು ಸಿಕ್ಕಿಬಿದ್ದಷ್ಟು ನಾಚಿಕೆಯಾಯಿತು. ಬೀದಿಯವರ ಕಣ್ಣಿಗೆ ಬೀಳಬಾರದೆಂದು ಹಿತ್ತಲ ಬಾಗಿಲು ಎಳೆದುಕೊಂಡಳು.

ಸದ್ದು ಕೇಳಿ ಅತ್ತೆ ಒಳಗಿನಿಂದ ಬಂದರು. ಒಂದೊಂದು ಕೊಡ ನೀರಿಗೂ ದೂರ ನಡೆದು ಸಂಸಾರ ತೂಗಿಸಿದ ಜೀವ. ಏನು, ಎತ್ತ ಎಂದು ಕೇಳದೆ ಅವರ ಕೈ ಸೀದಾ ನಲ್ಲಿಗೇ ಹೋಯಿತು.

“ಮುಚ್ಚಬೇಡಮ್ಮ,” ಮಗ ತಡೆದ. “ನೀರು ಉಳಿಸೋಕೇ ಬಿಟ್ಟಿರೋದು.”

ಅತ್ತೆ ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಇಬ್ಬರೂ ತಲೆ ತಗ್ಗಿಸಿದ್ದರು. ಓದಿದ ಮಗ, ಬುದ್ಧಿವಂತೆ ಸೊಸೆ. ಏನೋ ಕಾರಣ ಇದ್ದೀತು ಎಂದುಕೊಂಡು ಒಳಗೆ ಹೋಗಿ ಬಕೆಟ್ಟು ತಂದು ಹಿಡಿದರು. ಅದು ತುಂಬಿತು. ಕೊಡ ತಂದರು, ತುಂಬಿತು. ಆಮೇಲೆ ಅಡುಗೆಮನೆಯ ಪಾತ್ರೆಗಳು, ಚೊಂಬು, ಲೋಟ, ಕೊನೆಗೊಂದು ಮುಚ್ಚಳ. ಸೊಸೆ “ಸಾಕು ಬನ್ನಿ ಅತ್ತೆ” ಎಂದರೂ ಕೇಳಲಿಲ್ಲ. ಹಿತ್ತಲ ಡ್ರಮ್ಮುಗಳು ಜಾಲಿಸಿದ ನೀರಿನಿಂದ ಮೊದಲೇ ತುಂಬಿದ್ದವು. ಮನೆಯಲ್ಲಿ ನೀರು ಹಿಡಿಯುವಂಥದ್ದು ಇನ್ನೇನೂ ಉಳಿಯಲಿಲ್ಲ. ನಲ್ಲಿ ಮಾತ್ರ ಸುರಿಯುತ್ತಲೇ ಇತ್ತು.

ಅತ್ತೆ ಎರಡೂ ಕೈ ಸೇರಿಸಿ ಬೊಗಸೆಯೊಡ್ಡಿದರು. ತುಂಬಿದ ಬೊಗಸೆಯನ್ನು ಒಂದು ಹನಿಯೂ ಸೋರದಂತೆ ಹಿಡಿದುಕೊಂಡು ಮಗನ ಕಡೆ ತಿರುಗಿದರು.

“ಇದನ್ನ ಎಲ್ಲಿಡ್ಲಿ?”