ತಪಾಸಣೆಗೆ ಕಲ್ಲವ್ವ

ಅರ್ಜಿ, ಆದೇಶಗಳ ತಪಾಸಣೆಗೆ ಬೆಳಿಗ್ಗೆ ಯಾರ ಬುದ್ಧಿಯನ್ನು ಕಂಪ್ಯೂಟರಿಗೆ ಜೋಡಿಸುತ್ತಾರೋ ಅವರದೇ ಆ ದಿನದ ತೀರ್ಮಾನ. ಇಂದು, ಶನಿವಾರ, ಹುಬ್ಬಳ್ಳಿಯ ಕಚೇರಿಗೆ ಬರಬೇಕಿದ್ದ ವಕೀಲರ ಬುದ್ಧಿ ಬರಲಿಲ್ಲವೆಂದು, ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ಸುನಂದಾ ಮನೆಯಲ್ಲಿದ್ದ ತನ್ನ ಅಜ್ಜಿ ಕಲ್ಲವ್ವನದನ್ನೇ ಜೋಡಿಸಿದಳು.

ಗುಮಾಸ್ತ ಗುರುಬಸವ ಜ್ವರವೆಂದು ರಜೆ ಕೇಳಿದ. ಪರದೆಯ ಮೇಲೆ ಕಲ್ಲವ್ವನ ಉತ್ತರ ಮೂಡಿತು: "ಸುಳ್ಳ ಹೇಳಬ್ಯಾಡ, ಇವತ್ತ ಮ್ಯಾಚ್ ಐತಿ. ಖರೇ ಬರಿ, ಕೊಡ್ತೀನಿ." ಅವನು ತಿದ್ದಿ ಬರೆದ, ರಜೆ ಸಿಕ್ಕಿತು.

ಎಲ್ಲರೂ ರವಿವಾರವೂ ಬರಬೇಕೆಂಬ ಮ್ಯಾನೇಜರ್ ದೇಸಾಯರ ಆದೇಶ ಮಾತ್ರ ಪಾಸಾಗಲಿಲ್ಲ: "ರವಿವಾರ ನಮ್ಮ ಸುನಂದಾನ ನಿಶ್ಚಯ ಐತಿ. ನೀನೂ ಬಾ."

"ಮೊದಲ ಈ ಮುದುಕಿನ್ನ ತೆಗಿ!" ಎಂದು ದೇಸಾಯರು ಕೂಗಿದರು.

"ಅದಕ್ಕೂ ಅರ್ಜಿ ಹಾಕಬೇಕ್ರಿ ಸರ್," ಎಂದಳು ಸುನಂದಾ.

ಹಾಕಿದರು.

"ಅರ್ಜಿ ಮುಟ್ಟೈತಿ ತಮ್ಮಾ," ಎಂದಿತು ಪರದೆ. "ಸೋಮವಾರ ನೋಡೂಣು."