ನೀಲವ್ವನ ಬೆಲ್ಲದ ಪಾಕ

ವೈರಸ್‌ಗಳು ಆಳೆತ್ತರ ಬೆಳೆದ ಮೇಲೆ ಊರಿಗೆ ಅನುಮಾನವೇ ಅಭ್ಯಾಸವಾಗಿತ್ತು. ಮನೆಗಳ ಬಾಗಿಲು ಜೀವಂತ ಚರ್ಮ. ಅದರ ಗುಳಿಯಲ್ಲಿ ಯಾರ ಬೆರಳು ಸರಿಯಾಗಿ ಕೂತರೂ ತೆರೆದುಕೊಳ್ಳುತ್ತಿತ್ತು. ಒಳಹೊಕ್ಕ ವೈರಸ್ ಇಡೀ ಮನೆಯನ್ನು ತನ್ನ ಮರಿಗಳಿಂದ ತುಂಬಿಬಿಡುತ್ತಿತ್ತು.

"ಬೀಗರ ಕಡೆಯವನ್ರಿ ಅತ್ತಿ, ಕೂಸು ನೋಡಾಕ ಬಂದೀನಿ," ಎಂದ ಹೊರಗೆ ನಿಂತವನು. ಕೈ ಬೆನ್ನ ಹಿಂದಿತ್ತು.

ಒಳಗೆ ಬಾಣಂತಿ ಸೊಸೆ. ನೀಲವ್ವ ಕಿಟಕಿಯಿಂದ ಬೆಲ್ಲದ ಬಿಸಿ ಪಾಕ ನೀಡಿದಳು. "ಬಿಸಲಾಗ ಬಂದೀಯಪ್ಪಾ, ಮೊದಲ ಬೆಲ್ಲ ತಗೋ."

ಬಂದ ಮನೆಯ ಬೆಲ್ಲ ಬೇಡವೆಂದರೆ ನೆಂಟನೇ ಅಲ್ಲ. ಅವನು ಕೈ ಚಾಚಿದ. ವೈರಸ್‌ನ ಮುಳ್ಳುಬೆರಳುಗಳಿಗೆ ಪಾಕ ಮೆತ್ತಿ ಗಟ್ಟಿಯಾಯಿತು. ಗುಳಿಗೆ ಒತ್ತಿದ, ತಿರುಚಿದ. ಬೆರಳು ಕೂರಲಿಲ್ಲ, ಬಾಗಿಲು ಅಲುಗಲಿಲ್ಲ.

"ಕೈ ತೊಳಿಯಾಕ ನೀರು ಕೊಡಬೇ!"

ನೀಲವ್ವ ಪಕ್ಕದ ಮನೆಯತ್ತ ಕೂಗಿದಳು: "ಏ ಶಂಕ್ರವ್ವಾ, ಬೆಲ್ಲ ಕಾಸು! ನಿನ್ನ ಕಡೆನೂ ಒಬ್ಬ ನೆಂಟ ಬರಾಕತ್ಯಾನ."