ಫೋಟೋದಲ್ಲಿದ್ದ ಮೀನು

ನದಿಗಳಿಗೂ ವೋಟು ಬಂದ ಮೇಲೆ ಇದು ಮೂರನೇ ಜಿಲ್ಲಾ ಕೌನ್ಸಿಲ್ ಚುನಾವಣೆ. ಇಂಗ್ಲೆಂಡಿನ ಒಂದು ಪುಟ್ಟ ಊರಿನ ಚರ್ಚ್ ಹಾಲಿನ ಮತಗಟ್ಟೆಯಲ್ಲಿ, ಪೆನ್ಸಿಲ್ಲಿನಲ್ಲಿ ವೋಟು ಗುರುತಿಸಲು ನಾಯಿ ಹಿಡಿದು ಬಂದವರ ಹಿಂದೆ, ವಿನ್ನೆಲ್ ನದಿ ಸಾಲಿನಲ್ಲಿ ಮೆಲ್ಲಗೆ ಹರಿದು ಬಂತು. ಗುಮಾಸ್ತೆ ನಾಗವೇಣಿ ಅದರ ಒದ್ದೆ ಗುರುತಿನ ಚೀಟಿ ತೆಗೆದುಕೊಂಡಳು. ಫೋಟೋದಲ್ಲಿ ತಿಳಿನೀರು, ತಳದಲ್ಲಿ ಬಿಳಿ ಕಲ್ಲು, ಒಂದು ಮೀನು. ಎದುರಿಗಿದ್ದದ್ದು ಕಪ್ಪು ನೊರೆ.

"ಮುಖ ಹೋಲ್ತಿಲ್ಲ, ವಾಪಸ್ ಕಳ್ಸಿ," ಎಂದ ಮತಗಟ್ಟೆ ಅಧಿಕಾರಿ ಡೆರೆಕ್.

"ನದಿಗೆ ಮೋರಿ ಪೈಪು ಬಿಟ್ಟು ಮುಖ ಕೆಡಿಸಿದ್ದು ನಿಮ್ಮ ಕೌನ್ಸಿಲ್ಲೇ ಅಲ್ವೇನ್ರೀ? ಆ ಪೈಪು ಮುಚ್ಚಿಸೋಕೇ ಅದು ವೋಟು ಹಾಕೋದು!" ಎಂದಳು ನಾಗವೇಣಿ.

ಅವಳು ಬಗ್ಗಿ, ತೋಳಿನಿಂದ ಅಂಗೈಯಗಲ ನೊರೆ ಒರೆಸಿದಳು. ತಳದಲ್ಲಿ ಅದೇ ಬಿಳಿ ಕಲ್ಲು ಮಿನುಗಿತು.

ಡೆರೆಕ್ ಫೋಟೋ ಹಿಡಿದು ಇಣುಕಿದ. "ಕಲ್ಲು ಸರಿ. ಮೀನೆಲ್ಲಿ?"

"ಅದನ್ನ ಕೇಳೋಕೇ ಬಂದಿರೋದು, ಪೆನ್ಸಿಲ್ ಕೊಡಪ್ಪಾ," ಎಂದಿತು ನದಿ.